ಮಕ್ಕಳ ಕಾಲಿಗೆ ಸರಿಹೊಂದುವ ಶೂ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಶುರುವಾಗುವ ಹೊತ್ತಿಗೆ ಶೂ ಅಂಗಡಿಗಳಲ್ಲಿ ಹೆಚ್ಚು ಕೇಳಿಬರುವ ಮಾತು, "ಇನ್ನೊಂದು ನಂಬರ್ ದೊಡ್ಡದು ಕೊಡಿ, ಬೆಳೆಯೋ ಮಗು." ಇಲ್ಲಿನ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲು ಪುಟ್ಟ ಮಕ್ಕಳದ್ದು, ಆಮೇಲೆ ಅಳತೆ, ಅಂಗಡಿ, ದಿನನಿತ್ಯದ ಬಳಕೆ, ಕೊನೆಗೆ ಕಾಲಿನದೇ ತೊಂದರೆಗಳು. ಒಂದು ಸ್ಕೇಲು, ರಟ್ಟಿನ ತುಂಡು ಮತ್ತು ಕತ್ತರಿ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

## ಮೊದಲ ಹೆಜ್ಜೆ

ಮಗುವಿಗೆ ಈಗ ಒಂಬತ್ತು ತಿಂಗಳು. ಶೂ ಹಾಕೋಕೆ ಶುರು ಮಾಡಬಹುದಾ?

ಬೇಕಿಲ್ಲ. ನಡೆಯದ ಮಗುವಿಗೆ ಶೂ ಬರೀ ಅಲಂಕಾರ. ನಾಮಕರಣಕ್ಕೋ ಮದುವೆಮನೆಗೋ ಒಂದು ಗಂಟೆ ಹಾಕಿದರೆ ಏನೂ ಆಗುವುದಿಲ್ಲ, ದಿನವಿಡೀ ಬೇಡ. ಈ ವಯಸ್ಸಿನಲ್ಲಿ ಪಾದದ ಮೂಳೆಗಳಲ್ಲಿ ಹೆಚ್ಚಿನ ಭಾಗ ಇನ್ನೂ ಮೆತ್ತಗಿನ ಮೃದ್ವಸ್ಥಿ. ಒತ್ತಿದ ಕಡೆಗೆ ಬಾಗುತ್ತದೆ, ನೋವಾಗುತ್ತಿದೆ ಎಂದು ಮಗು ಹೇಳುವುದೂ ಇಲ್ಲ. ಚಳಿಗೆ ಸಾಕ್ಸ್ ಸಾಕು, ಅದೂ ಬೆರಳ ತುದಿಯಲ್ಲಿ ಸ್ವಲ್ಪ ಸಡಿಲವಿರಲಿ. ಬಿಗಿ ಸಾಕ್ಸ್ ಕೂಡ ಬಿಗಿ ಶೂವಿನಷ್ಟೇ ಬೆರಳನ್ನು ಮಡಿಸುತ್ತದೆ.

ಮೊದಲ ಶೂ ಯಾವಾಗ ತರಬೇಕು? ಎಂಥದ್ದು ತರಬೇಕು?

ಮಗು ಏನನ್ನೂ ಹಿಡಿದುಕೊಳ್ಳದೆ ನಡೆಯಲು ಕಲಿತು ಆರೇಳು ವಾರ ಆದಮೇಲೆ, ಹೊರಗೆ ನಡೆಸುವಾಗ ಮಾತ್ರ. ಅಟ್ಟೆ ತೆಳ್ಳಗಿದ್ದು ಎರಡು ಬೆರಳಿನಲ್ಲಿ ಒತ್ತಿದರೆ ಬಾಗಬೇಕು. ಹಿಮ್ಮಡಿ ಎತ್ತರ ಇರಬಾರದು, ಮುಂಭಾಗ ದುಂಡಗೆ, ಅಗಲವಾಗಿ ಇರಬೇಕು. ಪಾದದ ಮೇಲೆ ಪಟ್ಟಿಯೋ ಲೇಸೋ ಇರಲೇಬೇಕು. ಕಣಕಾಲಿನವರೆಗೆ ಏರುವ ಬೂಟು ಕಾಲಿಗೆ "ಸಪೋರ್ಟ್" ಕೊಡುತ್ತದೆ ಎನ್ನುವುದು ಹಳೇ ನಂಬಿಕೆ. ಅದರ ನಿಜವಾದ ಉಪಯೋಗ, ಮಗು ಅದನ್ನು ಕಿತ್ತು ಬಿಸಾಡುವುದು ಕಷ್ಟ ಎನ್ನುವುದಷ್ಟೇ.

ಪೀಂ ಪೀಂ ಅನ್ನೋ ಶೂ ಕೊಡಿಸಿದ್ದೀವಿ. ತೊಂದರೆ ಇದೆಯಾ?

ಅದರ ಹಿಮ್ಮಡಿಯನ್ನು ಮುರಿದು ನೋಡಿದರೆ ಒಂದು ಗಾಳಿಯ ಬುಡ್ಡಿ ಸಿಗುತ್ತದೆ. ಅದನ್ನು ಕೂರಿಸಲು ಅಟ್ಟೆಯನ್ನು ದಪ್ಪ ಮಾಡಿರುತ್ತಾರೆ, ಹಾಗಾಗಿ ಅದು ಬಾಗುವುದಿಲ್ಲ. ಸದ್ದು ಬರಲಿ ಎಂದು ಮಗು ಹಿಮ್ಮಡಿಯನ್ನು ಕುಟ್ಟಿ ಕುಟ್ಟಿ ನಡೆಯುತ್ತದೆ. ಜಾತ್ರೆಯಲ್ಲಿ ಮಗು ತಪ್ಪಿಸಿಕೊಳ್ಳದಿರಲಿ ಎಂದಿದ್ದರೆ ಆವತ್ತು ಹಾಕಿ, ದಿನವೂ ಬೇಡ. ಪಕ್ಕದ ಮನೆಯವರೂ ಖುಷಿಪಡುತ್ತಾರೆ.

ಮನೇಲಿ ಬರಿಗಾಲಲ್ಲೇ ಓಡಾಡ್ತಾನೆ. ಪಾದ ಚಪ್ಪಟೆ ಆಗಿಬಿಡಲ್ವಾ?

ಆಗುವುದು ಇದಕ್ಕೆ ತಿರುಗುಮುರುಗು. ಈ ವಿಷಯದಲ್ಲಿ ಜಗತ್ತಿನಾದ್ಯಂತ ಉಲ್ಲೇಖವಾಗುವ ಕೆಲಸ ನಡೆದದ್ದು ನಮ್ಮ ಮಣಿಪಾಲದಲ್ಲೇ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ಮೂಳೆ ತಜ್ಞರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನ ಮಕ್ಕಳಲ್ಲಿ ಶೇ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಬೆರಳು ನೆಲವನ್ನು ಹಿಡಿದು, ಅಂಗಾಲಿನ ಸ್ನಾಯುಗಳು ದುಡಿದಷ್ಟೂ ಕಮಾನು ಗಟ್ಟಿಯಾಗುತ್ತದೆ. ಮನೆಯಲ್ಲಿ, ಅಂಗಳದಲ್ಲಿ, ಮರಳಿನಲ್ಲಿ ಬರಿಗಾಲು ಬಿಡಿ. ಗಾಜು, ಮೊಳೆ, ಕೊಳಚೆ ಇರುವ ಕಡೆ, ಕಾದ ಡಾಂಬರಿನ ಮೇಲೆ ಪಾದರಕ್ಷೆ ಬೇಕೇ ಬೇಕು. ಬಯಲಿಗೆ ಹೋಗುವ ರೂಢಿ ಇರುವ ಊರಿನಲ್ಲಿ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಅಲ್ಲಿ ಚಪ್ಪಲಿ ಬಿಡಿಸಬೇಡಿ.

## ಅಳತೆ

ಮನೆಯಲ್ಲೇ ಕಾಲಿನ ಅಳತೆ ತಗೊಳ್ಳೋದು ಹೇಗೆ?

ಸಂಜೆ ತೆಗೆದುಕೊಳ್ಳಿ. ದಿನವೆಲ್ಲ ಓಡಾಡಿದ ಪಾದ ಬೆಳಗಿಗಿಂತ ಸ್ವಲ್ಪ ಉಬ್ಬಿರುತ್ತದೆ. ಶಾಲೆಗೆ ಹಾಕುವ ಸಾಕ್ಸೇ ಹಾಕಿಸಿ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಅಂಟಿಸಿ, ಮಗುವಿನ ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ಕೂರಿಸಿ ಅಳೆಯಬೇಡಿ, ಮೈಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಎರಡೂ ಕಾಲಿನ ಮೇಲೆ ಸಮ ಭಾರ ಇರಲಿ, ಮಗು ಎದುರಿಗೆ ನೋಡುತ್ತಿರಲಿ. ಬಗ್ಗಿ ಕಾಲು ನೋಡಿಕೊಂಡರೆ ಬೆರಳು ಮಡಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಂದಿರುವ ಬೆರಳ ತುದಿಯಲ್ಲಿ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಗುರುತು ಹಾಕಿ. ಅದು ಹೆಬ್ಬೆರಳೇ ಆಗಬೇಕೆಂದಿಲ್ಲ, ಎಷ್ಟೋ ಮಕ್ಕಳಲ್ಲಿ ಎರಡನೇ ಬೆರಳು ಉದ್ದ. ಗೋಡೆಯಿಂದ ಗುರುತಿನವರೆಗೆ ಮಿಲಿಮೀಟರಿನಲ್ಲಿ ಅಳೆಯಿರಿ. ಎರಡೂ ಕಾಲು ಅಳೆದು ದೊಡ್ಡದನ್ನು ಬರೆದಿಡಿ. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗಿನ ಅಗಲವನ್ನೂ ಗುರುತು ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾದದ ಸುತ್ತ ಪೆನ್ಸಿಲ್ ಎಳೆಯುವವರು ಪೆನ್ಸಿಲನ್ನು ಒಳಗೆ ಓರೆ ಹಿಡಿಯುತ್ತಾರೆ. ಅಲ್ಲೇ ನಾಲ್ಕೈದು ಮಿಲಿಮೀಟರ್ ಕಳೆದುಹೋಗುತ್ತದೆ.

ಬೆರಳಿನ ಮುಂದೆ ಎಷ್ಟು ಜಾಗ ಬಿಡಬೇಕು?

ಹೊಸ ಶೂವಿನಲ್ಲಿ 12 ಮಿ.ಮೀ. ನಡೆಯುವಾಗ ಪಾದ ಪ್ರತಿ ಹೆಜ್ಜೆಗೂ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದಕ್ಕೆ ಐದಾರು ಮಿ.ಮೀ. ಬೇಕು. ಉಳಿದದ್ದು ಬೆಳೆಯುವುದಕ್ಕೆ. 10ಕ್ಕಿಂತ ಕಡಿಮೆಯಿದ್ದರೆ ಹೊಸದನ್ನು ತರುವುದೇ ವ್ಯರ್ಥ. 17 ದಾಟಿದರೆ ಕಾಲು ಒಳಗೆ ಜಾರುತ್ತದೆ. ಹಾಕುತ್ತಿರುವ ಶೂವಿನಲ್ಲಿ ಜಾಗ 6ಕ್ಕೆ ಇಳಿದಾಗ ಹೊಸದಕ್ಕೆ ಹೊರಡಿ.

ಅಂಗಡಿಯವರು ಶೂ ತುದಿ ಒತ್ತಿ ನೋಡಿ "ಸರಿಯಾಗಿದೆ" ಅಂತಾರೆ. ನಂಬಬಹುದಾ?

ಒತ್ತಿದ ಕೂಡಲೇ ಮಕ್ಕಳು ಬೆರಳು ಒಳಕ್ಕೆ ಎಳೆದುಕೊಳ್ಳುತ್ತವೆ. ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಗಟ್ಟಿ ತುದಿಯ ಕಪ್ಪು ಶಾಲಾ ಶೂವಿನಲ್ಲಂತೂ ಒತ್ತಿದರೆ ಏನೂ ತಿಳಿಯುವುದಿಲ್ಲ. "ಬಿಗಿ ಇದೆಯಾ ಪುಟ್ಟಾ?" ಎಂದು ಕೇಳಿದರೆ, ಶೂ ಇಷ್ಟವಾಗಿದ್ದರೆ ಇಲ್ಲ ಎನ್ನುತ್ತದೆ, ಇಷ್ಟವಾಗದಿದ್ದರೆ ಹೌದು ಎನ್ನುತ್ತದೆ.

ನಂಬಬೇಕಾದದ್ದು ರಟ್ಟಿನ ಪಟ್ಟಿಯನ್ನು. ಹಳೇ ನೋಟ್‌ಬುಕ್ಕಿನ ರಟ್ಟಿನಿಂದ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಉದ್ದ, ದೊಡ್ಡ ಪಾದದ ಅಳತೆಗೆ 12 ಮಿ.ಮೀ. ಸೇರಿಸಿದಷ್ಟು. ಪಾದ 174 ಇದ್ದರೆ ಪಟ್ಟಿ 186. ಎರಡೂ ತುದಿ ದುಂಡಗೆ ಮಾಡಿ. ಅಂಗಡಿಯಲ್ಲಿ ಅದನ್ನು ಶೂ ಒಳಗೆ ನೆಲಕ್ಕೆ ಮಲಗಿಸಿ, ಮುಂದಿನ ತುದಿಯವರೆಗೆ ತಳ್ಳಿ, ಹಿಂದಿನ ತುದಿಯನ್ನು ಬಿಡಿ. ಬಾಗದೆ ಆರಾಮಾಗಿ ಮಲಗಿದರೆ ಉದ್ದ ಸಾಕು. ಡೊಂಕಾಗಿ ಮೇಲೆದ್ದರೆ ಚಿಕ್ಕದು. ಹಿಮ್ಮಡಿ ಕಡೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಖಾಲಿ ಉಳಿದರೆ ದೊಡ್ಡದು. ಮಗುವನ್ನು ಕರೆದೊಯ್ಯಲಾಗದ ದಿನ ಈ ಪಟ್ಟಿಯೊಂದನ್ನೇ ಜೇಬಿನಲ್ಲಿಟ್ಟುಕೊಂಡು ಹೋದರೂ ಅರ್ಧ ಕೆಲಸ ಆದಂತೆ.

ಒಂದು ಕಂಪನಿಯ 10 ಸರಿಹೋಗುತ್ತೆ, ಇನ್ನೊಂದರ 10 ಬಿಗಿ. 13 ಆದ್ಮೇಲೆ 1 ಬೇರೆ ಬರುತ್ತೆ. ಇದೇನು ಲೆಕ್ಕ?

ನಮ್ಮ ಅಂಗಡಿಗಳ ನಂಬರು ಬ್ರಿಟಿಷರ ಕಾಲದ ಇಂಚಿನ ಲೆಕ್ಕ. ಮಕ್ಕಳ ಸೊನ್ನೆ ನಂಬರ್ ಎಂದರೆ 4 ಇಂಚು. ಅಲ್ಲಿಂದ ಪ್ರತಿ ನಂಬರಿಗೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಹೆಚ್ಚುತ್ತದೆ. 10 ನಂಬರ್ ಎಂದರೆ 4 ಇಂಚು ಕೂಡಿಸು 10ರ ಮೂರನೇ ಒಂದು ಭಾಗ, ಒಟ್ಟು 186 ಮಿ.ಮೀ. 13 ಮುಗಿದ ಮೇಲೆ ದೊಡ್ಡವರ ಸಾಲು ಮತ್ತೆ 1ರಿಂದ ಶುರು. ಹಾಗಾಗಿ 13ರ ಮುಂದಿನದು 14 ಅಲ್ಲ, 1.

ಡಬ್ಬಿಯ ಮೇಲಿನ ಯುರೋಪಿನ ನಂಬರಿಗೆ ಮೆಟ್ಟಿಲು 6.67 ಮಿ.ಮೀ. ಅದರ 28, ನಮ್ಮ ಮಕ್ಕಳ 10ಕ್ಕೆ ಹತ್ತಿರ ಹತ್ತಿರ ಸಮ. ಅಮೆರಿಕದ ನಂಬರು ನಮ್ಮದಕ್ಕಿಂತ ಸಾಮಾನ್ಯವಾಗಿ ಅರ್ಧದಿಂದ ಒಂದು ಹೆಚ್ಚು. ಅಲ್ಲಿಂದ ಅತ್ತೆ ಚಿಕ್ಕಪ್ಪಂದಿರು ಶೂ ತರುವಾಗ ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ.

ಒಂದೇ ನಂಬರ್ ಎರಡು ಕಂಪನಿಯಲ್ಲಿ ಬೇರೆಯಾಗುವುದಕ್ಕೆ ಕಾರಣ ಅಚ್ಚು. ನಂಬರ್ ಹೇಳುವುದು ಶೂ ಹೊಲಿಯುವ ಅಚ್ಚಿನ ಉದ್ದವನ್ನು, ಒಳಗೆ ಕಾಲಿಗೆ ಸಿಗುವ ಜಾಗವನ್ನಲ್ಲ. ಮೂತಿ ಚೂಪಾದ ಅಚ್ಚಿನಲ್ಲಿ ಕೊನೆಯ ಒಂದು ಸೆಂಟಿಮೀಟರಿಗೆ ಬೆರಳು ಹೋಗುವುದೇ ಇಲ್ಲ. ಮೇಲೆ ಒಳಗಿನ ಸ್ಪಂಜಿನ ದಪ್ಪ ಬೇರೆ.

"ಭಾ" ಅಂತ ಭಾರತದ್ದೇ ಅಳತೆ ಬರ್ತಿದೆಯಂತೆ?

ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಉದ್ದಗಲಕ್ಕೂ 1 ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಲ್ಲಿ ಅಳೆದು ಸಿದ್ಧಪಡಿಸಿದ ಪದ್ಧತಿ ಅದು. ಹೊರದೇಶದ ಅಚ್ಚಿಗಿಂತ ಭಾರತೀಯರ ಪಾದ ಅಗಲ ಎಂದು ಆ ಅಳತೆಯಲ್ಲಿ ತಿಳಿಯಿತು. ಉದ್ದ ಸಾಲದೆಂದು ದೊಡ್ಡ ನಂಬರ್ ತರುವವರಲ್ಲಿ ಹಲವರಿಗೆ ನಿಜವಾಗಿ ಸಾಲದೇ ಇರುವುದು ಅಗಲ. ಅಂಗಡಿಯ ಡಬ್ಬಿಗಳ ಮೇಲೆ ಹೆಚ್ಚಾಗಿ ಕಾಣುವುದು ಈಗಲೂ ಹಳೇ ನಂಬರೇ, ಆದ್ದರಿಂದ ರಟ್ಟಿನ ಪಟ್ಟಿಯನ್ನು ಎಸೆಯಬೇಡಿ.

ಎಷ್ಟು ತಿಂಗಳಿಗೊಮ್ಮೆ ಅಳೀಬೇಕು?

ಮೂರು ವರ್ಷದೊಳಗಿನ ಪಾದ ತಿಂಗಳಿಗೆ ಸುಮಾರು 1.5 ಮಿ.ಮೀ. ಬೆಳೆಯುತ್ತದೆ. ಎರಡು ತಿಂಗಳಿಗೊಮ್ಮೆ ನೋಡಿ. 3ರಿಂದ 6 ವರ್ಷಕ್ಕೆ ತಿಂಗಳಿಗೆ ಸುಮಾರು 1 ಮಿ.ಮೀ., ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ಆಮೇಲೆ ಹತ್ತು ವರ್ಷದವರೆಗೆ ಅದಕ್ಕಿಂತ ತುಸು ಕಡಿಮೆ, ಆಗ ದಸರಾ ರಜೆ, ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ ಎಂದು ನೆನಪಿಟ್ಟುಕೊಳ್ಳಿ. ಇದು ಸರಾಸರಿ. ಆರು ತಿಂಗಳು ಸುಮ್ಮನಿದ್ದ ಪಾದ ಎರಡೇ ತಿಂಗಳಲ್ಲಿ ಒಂದು ನಂಬರ್ ಜಿಗಿಯುವುದೂ ಉಂಟು.

## ಅಂಗಡಿಯಲ್ಲಿ

ಎರಡು ನಂಬರ್ ದೊಡ್ಡದು ತಗೊಂಡು ಮುಂದೆ ಹತ್ತಿ ತುರುಕಿದ್ರೆ ಎರಡು ವರ್ಷ ಬರಲ್ವಾ? ವರ್ಷ ವರ್ಷ ಯಾರು ಕೊಡಿಸ್ತಾರೆ?

ದುಡ್ಡಿನ ಕಷ್ಟ ನಿಜ, ಆದರೆ ಈ ಉಪಾಯದಲ್ಲಿ ದುಡ್ಡು ಉಳಿಯುವುದಿಲ್ಲ. ಸರಿಯಾದದ್ದಕ್ಕಿಂತ ಎರಡು ನಂಬರ್ ದೊಡ್ಡದು ಎಂದರೆ 12ರ ಮೇಲೆ ಇನ್ನೂ 17 ಮಿ.ಮೀ., ಬೆರಳ ಮುಂದೆ ಹೆಚ್ಚುಕಡಿಮೆ 3 ಸೆಂಟಿಮೀಟರ್ ಖಾಲಿ. ಹತ್ತಿ ಎರಡೇ ದಿನದಲ್ಲಿ ಅದುಮಿಕೊಂಡು ಬೆವರಿಗೆ ಗಂಟಾಗುತ್ತದೆ. ಕಾಲು ಮುಂದೆ ಜಾರುತ್ತದೆ, ಹಿಮ್ಮಡಿ ಮೇಲೆ ಕೆಳಗೆ ಉಜ್ಜುತ್ತದೆ, ಶೂ ಕಳಚದಿರಲೆಂದು ಮಗು ಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ನಡೆಯುತ್ತದೆ. ಇನ್ನೊಂದು, ಶೂ ಬಾಗುವ ಜಾಗ. ಹೆಬ್ಬೆರಳ ಬುಡದ ಕೆಳಗೆ ಬಾಗಬೇಕಾದ ಅಟ್ಟೆ ದೊಡ್ಡ ಶೂವಿನಲ್ಲಿ ಬೆರಳ ತುದಿಯ ಹತ್ತಿರ ಬಾಗುತ್ತದೆ. ಮೇಲಿನ ರೆಕ್ಸಿನ್ ಅಲ್ಲೇ ಮಡಿಸಿ ಬಿರುಕು ಬಿಡುತ್ತದೆ. ಕಾಲು ಅಳತೆಗೆ ಬರುವ ಹೊತ್ತಿಗೆ ಶೂ ಬಾಯಿಬಿಟ್ಟಿರುತ್ತದೆ.

ಈಗ ಐದು ವರ್ಷದ ಮಗುವಿನ ಲೆಕ್ಕ ಹಾಕೋಣ. ಜೂನ್ 1ಕ್ಕೆ ಪಾದ 174, ಶೂ ಒಳಗೆ 186. ತಿಂಗಳಿಗೆ 1 ಮಿ.ಮೀ. ಬೆಳೆದರೆ ಡಿಸೆಂಬರ್ 1ಕ್ಕೆ ಪಾದ 180, ಉಳಿದ ಜಾಗ 6. ಬದಲಿಸುವ ಕಾಲ ಬಂತು. ಮಾರ್ಚ್ ಕೊನೆಯವರೆಗೆ ತಳ್ಳಿದರೆ ಉಳಿಯುವುದು 2 ಮಿ.ಮೀ., ಪ್ರತಿ ಹೆಜ್ಜೆಗೂ ಬೆರಳು ಗೋಡೆಗೆ ಗುದ್ದುತ್ತದೆ. ಅದೇ, ಜೂನ್‌ನಲ್ಲಿ 17 ಮಿ.ಮೀ. ಜಾಗ ಇರುವ ಶೂ ಸಿಕ್ಕಿ, ಪಟ್ಟಿ ಬಿಗಿದಾಗ ಹಿಮ್ಮಡಿ ಜಾರದಿದ್ದರೆ, ಮಾರ್ಚ್‌ನಲ್ಲಿ 7 ಉಳಿಯುತ್ತದೆ. ವರ್ಷ ಪೂರ್ತಿ ಒಂದೇ ಜೊತೆ ಬೇಕೆನ್ನುವವರಿಗೆ ಇದೇ ಮೇರೆ. ಒಂದು ನಂಬರಿಗೂ ಇನ್ನೊಂದಕ್ಕೂ 8.5 ಮಿ.ಮೀ. ಅಂತರ ಇರುವುದರಿಂದ 10ಕ್ಕೂ 17ಕ್ಕೂ ನಡುವೆ ಒಂದು ನಂಬರ್ ಬಹುತೇಕ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಅಚ್ಚು ಬದಲಿಸಿ, ಬೇರೆ ಕಂಪನಿಯದು ನೋಡಿ.

ಏಪ್ರಿಲ್‌ನಲ್ಲಿ ರಿಯಾಯಿತಿ ಇದೆಯೆಂದು ತಂದಿಟ್ಟರೆ ಶಾಲೆ ಶುರುವಾಗುವಷ್ಟರಲ್ಲಿ 2 ಮಿ.ಮೀ. ಡಬ್ಬಿಯೊಳಗೇ ಖರ್ಚಾಗಿರುತ್ತದೆ. ಮೇ ಕೊನೆಯ ವಾರ ತನ್ನಿ. ಎರಡು ಸಾಧಾರಣ ಜೊತೆಗಳನ್ನು ಆರು ತಿಂಗಳ ಅಂತರದಲ್ಲಿ ತರುವುದು ಒಂದು ದುಬಾರಿ ಜೊತೆಗಿಂತ ಮೇಲು.

ಶೂ ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು?

ಮೂತಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿ. ಮುಂದಿನ ಮೂರನೇ ಒಂದು ಭಾಗದಲ್ಲಿ ಬಾಗಬೇಕು, ನಟ್ಟನಡುವೆ ಮಡಿಸಿಕೊಳ್ಳಬಾರದು. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ, ಸುಲಭಕ್ಕೆ ಹಿಂಡಿದರೆ ಬೇಡ. ಹಿಮ್ಮಡಿಯ ಹಿಂಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಕುಸಿಯಬಾರದು. ಕೈಯನ್ನು ಒಳಗೆ ತೂರಿಸಿ ಸವರಿ, ಹೊಲಿಗೆಯ ಗಂಟು, ಅಂಟಿನ ಗಡ್ಡೆ, ಮೊಳೆಯ ತುದಿ ಬೆರಳಿಗೆ ಸಿಗುತ್ತದೆ. ಕಣ್ಣಿಗೆ ಕಾಣದ ಈ ಗಂಟುಗಳೇ ಮುಂದೆ ಗುಳ್ಳೆ ಎಬ್ಬಿಸುವುದು.

ಎರಡೂ ಕಾಲಿಗೆ ಹಾಕಿಸಿ, ಒಂದಕ್ಕಲ್ಲ. ಐದು ನಿಮಿಷ ಅಂಗಡಿಯಲ್ಲಿ ಓಡಾಡಲಿ, ಕುಕ್ಕರಗಾಲಲ್ಲಿ ಕೂತು ಏಳಲಿ. ಹಿಮ್ಮಡಿ ಹಿಂದಿನಿಂದ ಎದ್ದು ಬರುತ್ತಿದೆಯೇ ನೋಡಿ. ಶೂ ಮತ್ತು ಸಾಕ್ಸ್ ಬಿಚ್ಚಿಸಿ ಪಾದ ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಬೆರಳ ಗೆಣ್ಣಿನ ಮೇಲೆ, ಕಿರುಬೆರಳ ಪಕ್ಕದಲ್ಲಿ ಕೆಂಪು ಗೀರು ಇದ್ದರೆ ಆ ಶೂ ಬೇಡ.

"ಹಾಕ್ತಾ ಹಾಕ್ತಾ ಲೂಸಾಗುತ್ತೆ" ಅಂತಾರಲ್ಲ, ನಿಜವಾ?

ನಿಜವಾದ ಚರ್ಮ ಅಗಲದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ. ಉದ್ದದಲ್ಲಿ ಯಾವ ಶೂವೂ ಬಿಟ್ಟುಕೊಡುವುದಿಲ್ಲ. ಶಾಲಾ ಶೂಗಳಲ್ಲಿ ಹೆಚ್ಚಿನವು ರೆಕ್ಸಿನ್ ಇಲ್ಲವೇ ಪ್ಲಾಸ್ಟಿಕ್ ಅಚ್ಚಿನವು. ಅವು ಮೊದಲ ದಿನ ಎಷ್ಟಿವೆಯೋ ಕೊನೆಯ ದಿನವೂ ಅಷ್ಟೇ.

ವೆಲ್ಕ್ರೋನಾ, ಲೇಸಾ?

ತಾನೇ ಗಂಟು ಹಾಕಲು ಬರುವವರೆಗೆ, ಅಂದರೆ ಆರೇಳು ವರ್ಷದವರೆಗೆ ವೆಲ್ಕ್ರೋ. ಒಂದಕ್ಕಿಂತ ಎರಡು ಪಟ್ಟಿ ಇರುವುದು ಮೇಲು. ನಾಲ್ಕೈದು ತಿಂಗಳಿಗೆ ಅದರೊಳಗೆ ನೂಲು, ಕೂದಲು ತುಂಬಿ ಹಿಡಿತ ಬಿಡುತ್ತದೆ. ಹಳೇ ಟೂತ್‌ಬ್ರಷ್ಷಿನಿಂದ ಕೆರೆದರೆ ಮತ್ತೆ ಹಿಡಿಯುತ್ತದೆ. ಹೆಣ್ಣುಮಕ್ಕಳ ಶೂವಿಗೆ ಬಕಲ್ ಪಟ್ಟಿ ಇರಲಿ. ಪಟ್ಟಿಯೇ ಇಲ್ಲದ ಬೆಲ್ಲಿ ಮಾದರಿಯವು ಕಾಲಿಗೆ ನಿಲ್ಲಬೇಕಾದರೆ ಬಿಗಿಯಾಗಿರಲೇಬೇಕು, ಬಿಗಿಯಾದರೆ ಬೆರಳು ಒತ್ತುತ್ತದೆ. ದಿನಕ್ಕೆ ಏಳು ಗಂಟೆ ಹಾಕುವ ಶೂ ಅದಲ್ಲ.

ನಮ್ಮ ಹುಡುಗನ ಕಾಲು ಭಾಳ ಅಗಲ ಅದಾವ್ರಿ. ಉದ್ದಕ್ಕ ಸರಿ ಆದ್ರ ಬಾಜೂಕ ಹಿಡೀತಾವು. ಏನ್ ಮಾಡ್ಬೇಕು?

ನಂಬರ್ ಏರಿಸಬೇಡಿ, ಮೂತಿ ಬದಲಿಸಿ. ಮನೆಯಲ್ಲಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಕಾಗದದ ಮೇಲೆ ಪಾದದ ಚಿತ್ರ ಬರೆದು, ಅದನ್ನು ಕತ್ತರಿಸಿಕೊಂಡು ಹೋಗಿ ಶೂವಿನ ಅಟ್ಟೆಯ ಮೇಲೆ ಇಡಿ. ಕಾಗದ ಎರಡೂ ಬದಿಗೆ ಹೊರಚಾಚಿದರೆ ಆ ಅಚ್ಚು ನಿಮ್ಮ ಹುಡುಗನದಲ್ಲ. ಮೊಂಡು ಮೂತಿಯ, ಲೇಸಿನ ಶೂ ನೋಡಿ. ಒಳಗಿನ ಸ್ಪಂಜಿನ ಹಾಳೆ ಎತ್ತಿ ತೆಗೆಯಲು ಬರುವಂತಿದ್ದರೆ ಇನ್ನೂ ಒಳ್ಳೆಯದು, ಬೇಕಾದಾಗ ತೆಳ್ಳನೆಯದನ್ನು ಹಾಕಬಹುದು. ಲೇಸನ್ನು ಕೆಳಗಿನ ಮೊದಲ ಜೋಡಿ ತೂತು ಬಿಟ್ಟು ಎರಡನೆಯದರಿಂದ ಪೋಣಿಸಿದರೆ ಬೆರಳ ಬುಡಕ್ಕೆ ಜಾಗ ಸಿಗುತ್ತದೆ. ಪಾದದ ಬೆನ್ನು ಎತ್ತರವಿದ್ದು ಅಲ್ಲಿ ಕೊರೆಯುತ್ತಿದ್ದರೆ, ಆ ಜಾಗದಲ್ಲಿ ಲೇಸನ್ನು ಅಡ್ಡ ದಾಟಿಸದೆ ಎರಡೂ ಬದಿಗೆ ನೆಟ್ಟಗೆ ಮೇಲಕ್ಕೆ ಒಯ್ಯಿರಿ.

ಆನ್‌ಲೈನ್‌ನಲ್ಲಿ ತರಿಸೋದು ಹೇಗೆ?

ಸೈಟಿನ ಅಳತೆಪಟ್ಟಿಯಲ್ಲಿ ಬರೆದಿರುವ ಸೆಂಟಿಮೀಟರ್ ಪಾದದ್ದೋ, ಒಳಹಾಳೆಯದ್ದೋ ಎಂದು ಮೊದಲು ನೋಡಿ. ಒಳಹಾಳೆಯದ್ದಾದರೆ ನಿಮ್ಮ ಅಳತೆಗೆ 12 ಮಿ.ಮೀ. ಸೇರಿಸಿ ಹುಡುಕಬೇಕು, ಪಾದದ್ದಾದರೆ ಸೇರಿಸಬಾರದು. ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಬಂದ ಶೂವನ್ನು ಮನೆಯೊಳಗೆ, ಚಾಪೆಯ ಮೇಲೆ ಹಾಕಿಸಿ ನೋಡಿ. ಅಟ್ಟೆ ಕೊಳೆಯಾದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಣ್ಣನ ಶೂ ತಮ್ಮನಿಗೆ ಹಾಕಬಹುದಾ?

ಅಣ್ಣ ವರ್ಷವಿಡೀ ಹಾಕಿದ್ದು ಬೇಡ. ಒಳಹಾಳೆಯನ್ನು ತೆಗೆದು ನೋಡಿ, ಅವನ ಹಿಮ್ಮಡಿ, ಹೆಬ್ಬೆರಳು ಅಚ್ಚೊತ್ತಿದಂತೆ ಗುಂಡಿ ಬಿದ್ದಿರುತ್ತದೆ. ತಮ್ಮನ ಕಾಲು ಆ ಗುಂಡಿಗೆ ಹೊಂದಿಕೊಳ್ಳಬೇಕಾಗುತ್ತದೆ. ಮದುವೆಗೆಂದು ನಾಲ್ಕು ಸಲ ಹಾಕಿ ಚಿಕ್ಕದಾದ ಶೂ, ಮಳೆಬೂಟು, ಸ್ಯಾಂಡಲ್ ಆಗಬಹುದು. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಬದಿಗೆ ವಾಲಿದರೆ ಬಿಟ್ಟುಬಿಡಿ. ಅಣ್ಣನಿಗೆ ಬೆರಳ ಸಂದಿಯಲ್ಲಿ ಶಿಲೀಂಧ್ರದ ತುರಿಕೆ ಇದ್ದಿದ್ದರೂ ಬೇಡ.

ಸರ್ಕಾರಿ ಶಾಲೆಯ ಶೂ ಮಗಳಿಗೆ ಚಿಕ್ಕದಾಗಿದೆ. ಶಾಲೆಯವರು ಮುಂದಿನ ಸಲ ಏನು ಮಾಡಬಹುದು?

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುವ ಯೋಜನೆಯಲ್ಲಿ ಖರೀದಿ ನಡೆಯುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ. ಅಂದರೆ ಅಳತೆ ಊರಲ್ಲೇ ಇದೆ. ಎಡವಟ್ಟಾಗುವುದು "ಮೂರನೇ ಕ್ಲಾಸಿಗೆ ಹನ್ನೆರಡು ನಂಬರ್ ಇಪ್ಪತ್ತು ಜೊತೆ" ಎಂದು ಬರೆದಾಗ. ಒಂದೇ ತರಗತಿಯಲ್ಲಿ ಮೂರು ನಾಲ್ಕು ನಂಬರಿನ ಅಂತರ ಇರುತ್ತದೆ. ತರಗತಿಯ ಗೋಡೆಯ ಬುಡದಿಂದ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ 15ರಿಂದ 27 ಸೆಂಟಿಮೀಟರ್‌ವರೆಗೆ ಅರ್ಧರ್ಧ ಸೆಂಟಿಮೀಟರಿಗೆ ಗೆರೆ ಎಳೆದರೆ, ಸಾಲಾಗಿ ನಿಂತ ಮೂವತ್ತು ಮಕ್ಕಳ ಅಳತೆ ಅರ್ಧ ಗಂಟೆಯ ಕೆಲಸ. ಹೆಸರಿನ ಮುಂದೆ ಮಿಲಿಮೀಟರ್ ಬರೆದು ಆ ಪಟ್ಟಿಯನ್ನೇ ಅಂಗಡಿಗೆ ಕೊಡಿ. ಹಂಚುವ ದಿನ ಶೂವನ್ನು ಕೋಣೆಯೊಳಗೇ ಹಾಕಿಸಿ ನೋಡಿ, ಬದಲಾಯಿಸುವುದು ಸುಲಭವಾಗುತ್ತದೆ.

## ಹಾಕಲು ಶುರುಮಾಡಿದ ಮೇಲೆ

ಹೊಸ ಶೂ ಹಿಮ್ಮಡಿ ಕಚ್ಚಿ ಗುಳ್ಳೆ ಎದ್ದಿದೆ. ಏನು ಮಾಡಲಿ?

ಗುಳ್ಳೆಯನ್ನು ಒಡೆಯಬೇಡಿ. ಸೋಪಿನ ನೀರಲ್ಲಿ ತೊಳೆದು, ಒರೆಸಿ, ಮೇಲೆ ಬ್ಯಾಂಡೇಜು ಅಂಟಿಸಿ, ವಾಸಿಯಾಗುವವರೆಗೆ ಹಿಂಭಾಗ ತೆರೆದ ಚಪ್ಪಲಿ ಹಾಕಿಸಿ. ಸುತ್ತ ಕೆಂಪು ಹರಡಿದರೆ, ಕೀವು ಬಂದರೆ ಡಾಕ್ಟರ್ ಹತ್ತಿರ ಹೋಗಿ.

ಕಚ್ಚಿದ್ದು ಏಕೆಂದು ನೋಡದಿದ್ದರೆ ಇದು ಮರುಕಳಿಸುತ್ತದೆ. ಹಿಮ್ಮಡಿ ಕಚ್ಚುವುದು ಶೂ ಬಿಗಿಯಾದಾಗ ಮಾತ್ರವಲ್ಲ, ದೊಡ್ಡದಾದಾಗ ಅದಕ್ಕಿಂತ ಹೆಚ್ಚು. ಮೊದಲು ಲೇಸನ್ನು ಪೂರ್ತಿ ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದೆ ಕೂರಿಸಿ, ಆಮೇಲೆ ಬಿಗಿಯಿರಿ. ಎಷ್ಟೋ ಮಕ್ಕಳು ಗಂಟು ಬಿಚ್ಚದೆ ಕಾಲು ತುರುಕುತ್ತಾರೆ, ಹಿಂಗೋಡೆ ತುಳಿದು ಮಡಿಸಿರುತ್ತಾರೆ. ಚರ್ಮದ ಶೂವಾದರೆ ಹಿಂಭಾಗಕ್ಕೆ ಒಳಗಿನಿಂದ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ ರಾತ್ರಿ ಬಿಟ್ಟರೆ ಮೆತ್ತಗಾಗುತ್ತದೆ. ರೆಕ್ಸಿನ್ನಿಗೆ ಸವರಿದರೆ ಸಾಕ್ಸ್ ಜಿಡ್ಡಾಗುತ್ತದೆ ಅಷ್ಟೇ. ಹೊಸ ಶೂವನ್ನು ಮೊದಲ ವಾರ ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಹಾಕಿಸಿ, ಕ್ರೀಡಾದಿನದ ಬೆಳಿಗ್ಗೆ ಡಬ್ಬಿ ಒಡೆಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಶೂ ಒಣಗೋದೇ ಇಲ್ಲ. ಏನು ಮಾಡೋದು?

ಮಲೆನಾಡು, ಕರಾವಳಿಯಲ್ಲಿ ಶಾಲೆ ಒಪ್ಪಿದರೆ ಮಳೆಗಾಲಕ್ಕೆ ಹಿಂಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ಲೇ ಸರಿ. ದಿನವಿಡೀ ಒದ್ದೆ ಸಾಕ್ಸಿನಲ್ಲಿ ನೆನೆದ ಪಾದಕ್ಕಿಂತ ತೆರೆದ ಪಾದ ಆರೋಗ್ಯ. ಶೂವೇ ಬೇಕೆಂದರೆ ಸ್ಯಾಂಡಲ್ಲಿನಲ್ಲಿ ಹೋಗಿ ಶಾಲೆಯಲ್ಲಿ ಒಣ ಸಾಕ್ಸ್, ಶೂ ಹಾಕಿಕೊಳ್ಳಲಿ.

ನೆನೆದ ಶೂವಿನ ಲೇಸು ಬಿಚ್ಚಿ, ನಾಲಿಗೆ ಎತ್ತಿ, ಒಳಹಾಳೆ ಹೊರತೆಗೆದು, ಹಳೇ ಪತ್ರಿಕೆ ಉಂಡೆ ಮಾಡಿ ತುಂಬಿ. ಮೊದಲ ಎರಡು ಮೂರು ಗಂಟೆ, ಗಂಟೆಗೊಮ್ಮೆ ಕಾಗದ ಬದಲಿಸಿ. ಒಮ್ಮೆ ತುರುಕಿ ಬೆಳಗಿನವರೆಗೆ ಬಿಟ್ಟರೆ ಒದ್ದೆ ಕಾಗದವೇ ಒಳಗೆ ಕೂತಿರುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಒರಗಿಸಿಡಿ. ಬಚ್ಚಲ ಒಲೆಯ ಪಕ್ಕ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ, ಶೂ ಕುಗ್ಗುವುದೂ ಉಂಟು.

ಹೊರಗೆ ಚಪ್ಪಲಿ ಗೂಡಿನಲ್ಲಿಟ್ಟ ಶೂವನ್ನು ಮಳೆಗಾಲದಲ್ಲಿ ತಲೆಕೆಳಗು ಮಾಡಿ ಎರಡು ಸಲ ನೆಲಕ್ಕೆ ಬಡಿಯದೆ ಮಗುವಿನ ಕಾಲಿಗೆ ಹಾಕಬೇಡಿ. ಚೇಳು, ಕಪ್ಪೆ, ಹಾವಿನ ಮರಿ ಬೆಚ್ಚಗಿನ ಕತ್ತಲು ಹುಡುಕಿಕೊಂಡು ಬರುವುದು ಅಲ್ಲಿಗೇ. ಇದು ಬೆಂಗಳೂರಿನ ಹೊಸ ಬಡಾವಣೆಗಳಿಗೂ ಅಷ್ಟೇ ಅನ್ವಯ.

ಶೂ ಬಿಚ್ಚಿದ್ರೆ ವಾಸನೆ ತಡೆಯೋಕಾಗಲ್ಲ.

ಸಾಕ್ಸ್ ದಿನವೂ ಬದಲಾಗಬೇಕು, ಹತ್ತಿ ಹೆಚ್ಚಿರುವುದನ್ನು ಕೊಳ್ಳಿ. ಬೆರಳ ಸಂದಿ ಒರೆಸಿಕೊಳ್ಳಲು ಕಲಿಸಿ. ವಾರದಲ್ಲಿ ಎರಡು ದಿನ ಪಿ.ಟಿ. ಶೂ ಇದ್ದರೆ ಕಪ್ಪು ಶೂವಿಗೆ ಒಣಗಲು ಬಿಡುವು ಸಿಗುತ್ತದೆ. ಸಂದಿಯಲ್ಲಿ ಬಿಳಿಯಾಗಿ ಚರ್ಮ ಸುಲಿದು ತುರಿಸುತ್ತಿದ್ದರೆ ಅದು ಶಿಲೀಂಧ್ರ, ಪೌಡರ್ ಸಾಲದು, ಔಷಧ ಬೇಕು.

ಮೆತ್ತನೆ ಕ್ಲಾಗ್ ಹಾಕ್ಕೊಂಡೇ ಎಲ್ಲ ಕಡೆ ಬರ್ತಾಳೆ. ಪರವಾಗಿಲ್ವಾ?

ಅಂಗಡಿಗೆ, ಈಜುಕೊಳಕ್ಕೆ ಆಗಬಹುದು, ಹಿಂಪಟ್ಟಿಯನ್ನು ಹಿಮ್ಮಡಿಗೆ ಏರಿಸಿಕೊಂಡಿರಬೇಕು. ಓಡಾಟಕ್ಕೆ, ಆಟಕ್ಕೆ ಬೇಡ. ಮಾಲ್‌ನಲ್ಲಿ, ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಹತ್ತುವಾಗ ಕೈಹಿಡಿದು ಮೆಟ್ಟಿಲ ನಡುವೆ ನಿಲ್ಲಿಸಿ. ಮೆತ್ತನೆಯ ರಬ್ಬರ್ ಪಕ್ಕದ ಸಂದಿಗೆ ತಾಗಿದರೆ ಒಳಗೆ ಎಳೆದುಕೊಳ್ಳುತ್ತದೆ.

## ಕಾಲಿನದೇ ತೊಂದರೆ ಇದ್ದಾಗ

ನಾಲ್ಕು ವರ್ಷದ ಮಗನ ಅಂಗಾಲು ಪೂರ್ತಿ ಚಪ್ಪಟೆ. ಕಮಾನು ಇರೋ ಸ್ಪೆಷಲ್ ಶೂ ಬೇಕಾ?

ಈ ವಯಸ್ಸಿಗೆ ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ, ಕೀಲುಗಳು ಸಡಿಲ. ಚಪ್ಪಟೆ ಕಾಣುವುದೇ ಸಹಜ. ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಕಮಾನು ಎದ್ದರೆ ಚಿಂತೆ ಬೇಡ. ಅಮೆರಿಕದಲ್ಲಿ ಇಂಥ ಪುಟ್ಟ ಮಕ್ಕಳಿಗೆ ಮೂರು ವರ್ಷ ವಿಶೇಷ ಶೂ, ಒಳಮೆತ್ತೆ ಹಾಕಿಸಿ, ಹಾಕದವರ ಜೊತೆ ಹೋಲಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ತುದಿಗಾಲಲ್ಲೂ ಕಮಾನು ಬಾರದಿದ್ದರೆ, ನೋವಿದ್ದರೆ, ಒಂದೇ ಕಾಲು ಹಾಗಿದ್ದರೆ ಮೂಳೆ ತಜ್ಞರಿಗೆ ತೋರಿಸಿ.

ಕಾಲು ಒಳಗೆ ತಿರುಗಿಸಿ ನಡೀತಾಳೆ. ಶೂ ಉಲ್ಟಾ ಹಾಕ್ಸಿ ಅಂತ ಅಜ್ಜಿ ಹೇಳ್ತಾರೆ.

ಅಜ್ಜಿಯ ಕಾಲದಲ್ಲಿ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು, ಅಜ್ಜಿಯದು ತಪ್ಪಲ್ಲ. ಆದರೆ ತಿರುವು ಇರುವುದು ಸಾಮಾನ್ಯವಾಗಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ಅಥವಾ ತೊಡೆಯ ಮೂಳೆಯಲ್ಲಿ. ಶೂ ಅಲ್ಲಿಗೆ ಮುಟ್ಟುವುದಿಲ್ಲ. ಎಡಗಾಲಿನ ಶೂ ಬಲಗಾಲಿಗೆ ಹಾಕಿದರೆ ಹೆಬ್ಬೆರಳಿಗೆ ಒತ್ತು ಬೀಳುತ್ತದೆ, ಮಗು ಎಡವುತ್ತದೆ. ಹೆಚ್ಚಿನವರಲ್ಲಿ ಎಂಟು ಹತ್ತು ವರ್ಷದ ಹೊತ್ತಿಗೆ ತಾನಾಗಿ ನೇರವಾಗುತ್ತದೆ. ಹುಟ್ಟಿನಿಂದಲೇ ಪಾದ ಒಳಮಡಿಸಿಕೊಂಡಿರುವ ವಕ್ರಪಾದದ ಮಾತು ಬೇರೆ. ಅದಕ್ಕೆ ಪ್ಲಾಸ್ಟರ್ ಆದಮೇಲೆ ಕೊಡುವ ಸರಳಿನ ಬೂಟನ್ನು ಹೇಳಿದಷ್ಟು ಗಂಟೆ, ಹೇಳಿದಷ್ಟು ವರ್ಷ ಹಾಕಿಸಲೇಬೇಕು.

ಶೂ ಒಂದೇ ಕಡೆ ಸವೆದಿದೆ. ನಡಿಗೆ ಸರಿ ಇಲ್ವಾ?

ಹಿಮ್ಮಡಿಯ ಹೊರ ಅಂಚು ಸವೆಯುವುದು ಸಹಜ. ಒಳ ಅಂಚು ಸವೆದು ಶೂ ಒಳಕ್ಕೆ ವಾಲಿದ್ದರೆ, ಅಥವಾ ಎಡಕ್ಕೂ ಬಲಕ್ಕೂ ಸವೆತ ಬೇರೆ ಬೇರೆ ಇದ್ದರೆ ನಡಿಗೆಯನ್ನು ತೋರಿಸಿ. ಮೂತಿ ಮಾತ್ರ ಉಜ್ಜಿ ತೂತಾಗಿದ್ದರೆ, ಡಾಕ್ಟರ್ ಹತ್ತಿರ ಓಡುವ ಮೊದಲು ಸೈಕಲ್ಲಿನ ಬ್ರೇಕು ಹಿಡಿಯುತ್ತದೆಯೇ ನೋಡಿ. ಕಾಲು ಎಳೆದು ನಿಲ್ಲಿಸುವವರ ಶೂ ಹೀಗೇ ಇರುತ್ತದೆ.

ಹತ್ತು ವರ್ಷದವನು. ಆಟ ಆಡಿ ಬಂದ್ಮೇಲೆ ಹಿಮ್ಮಡಿ ನೋವು ಅಂತಾನೆ. ಶೂ ಕಾರಣವಾ?

ಭಾಗಶಃ. 8ರಿಂದ 14 ವರ್ಷದ ನಡುವೆ ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಬೆಳೆಯುವ ಪದರವೊಂದಿದೆ, ಹಿಮ್ಮಡಿಗೆ ಅಂಟಿರುವ ಸ್ನಾಯುರಜ್ಜು ಅದನ್ನು ಎಳೆಯುತ್ತದೆ. ತೆಳ್ಳನೆಯ ಕ್ಯಾನ್ವಾಸ್ ಶೂವಿನಲ್ಲಿ, ಗಟ್ಟಿ ನೆಲದಲ್ಲಿ ಓಡಿದರೆ ನೋವು ಹೆಚ್ಚು. ಹಿಮ್ಮಡಿಯನ್ನು ಎರಡೂ ಬದಿಯಿಂದ ಹಿಂಡಿದಾಗ ನೋವಾದರೆ ಬಹುಮಟ್ಟಿಗೆ ಇದೇ. ಕೆಲವು ವಾರ ಓಟ, ಜಿಗಿತ ಕಡಿಮೆ ಮಾಡಿ, ಮೆತ್ತನೆಯ ಹಿಮ್ಮಡಿಯ ಓಟದ ಶೂ ಹಾಕಿಸಿ. ಕುಂಟುತ್ತಿದ್ದರೆ, ರಾತ್ರಿಯೂ ನೋವಿದ್ದರೆ, ಊದಿದ್ದರೆ ತಡಮಾಡಬೇಡಿ.

ಎರಡು ಕಾಲಿನ ಅಳತೆ ಬೇರೆ ಬೇರೆ ಬರ್ತಿದೆ.

ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಎಷ್ಟೋ ಜನರಲ್ಲಿದೆ. ದೊಡ್ಡ ಕಾಲಿಗೆ ಕೊಂಡು, ಚಿಕ್ಕ ಕಾಲಿನ ಶೂವಿನ ನಾಲಿಗೆಯ ಒಳಗೆ ತೆಳ್ಳನೆಯ ಸ್ಪಂಜು ಅಂಟಿಸಿ. ಅದು ಪಾದವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಮೂತಿಗೆ ಏನೂ ತುರುಕಬೇಡಿ. ಒಂದು ನಂಬರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಮೊದಲಿಲ್ಲದ್ದು ಈಗ ಬಂದಿದ್ದರೆ ಡಾಕ್ಟರಿಗೆ ತಿಳಿಸಿ.

ಮಗಳು ಎ.ಎಫ್.ಓ. ಹಾಕ್ತಾಳೆ. ಅದರ ಮೇಲೆ ಯಾವ ಶೂನೂ ಹೋಗಲ್ಲ.

ಎ.ಎಫ್.ಓ. ಎಂದರೆ ಪಾದ, ಕಣಕಾಲನ್ನು ನೇರ ಹಿಡಿದಿಡುವ ಆಧಾರ. ಅದನ್ನು ತೊಡಿಸಿಯೇ ಅಳತೆ ತೆಗೆಯಿರಿ, ಅಂಗಡಿಗೂ ಹಾಕಿಸಿಕೊಂಡೇ ಹೋಗಿ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ನಂಬರ್ ಹೆಚ್ಚು ಬೇಕಾಗುತ್ತದೆ. ಬಾಯಿ ಬೆರಳ ಬುಡದವರೆಗೆ ತೆರೆದುಕೊಳ್ಳುವ, ಒಳಹಾಳೆ ತೆಗೆಯಲು ಬರುವ, ಉದ್ದ ವೆಲ್ಕ್ರೋ ಪಟ್ಟಿಯ ಕ್ರೀಡಾ ಶೂ ಹುಡುಕಿ. ಒಳಹಾಳೆ ತೆಗೆದರೆ ನಾಲ್ಕೈದು ಮಿ.ಮೀ. ಆಳ ಸಿಗುತ್ತದೆ. ಪಟ್ಟಿ ಗಿಡ್ಡವಾದರೆ ಶೂ ರಿಪೇರಿ ಮಾಡುವವರ ಹತ್ತಿರ ಉದ್ದದ ವೆಲ್ಕ್ರೋ ಹೊಲಿಸಬಹುದು. ಒಂದೇ ಕಾಲಿಗಿದ್ದರೆ ಎರಡು ನಂಬರಿನ ಎರಡು ಜೊತೆ ಕೊಳ್ಳಬೇಕಾಗಬಹುದು. ಒಂದೇ ಮಾದರಿಯದ್ದೇ ಆಗಲಿ, ಅಟ್ಟೆಯ ದಪ್ಪ ಬೇರೆಯಾದರೆ ಸೊಂಟ ಓರೆಯಾಗುತ್ತದೆ. ಬಣ್ಣದ ಬಗ್ಗೆ ಶಾಲೆಗೆ ಮೊದಲೇ ಒಂದು ಚೀಟಿ ಬರೆದು ಕೊಡಿ. ಕಪ್ಪು ಕ್ರೀಡಾ ಶೂ ಸಿಗುತ್ತದೆ, ಸಿಗದಿದ್ದರೂ ಈ ಕಾರಣಕ್ಕೆ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಆಚೆ ನಿಲ್ಲಿಸುವಂತಾಗಬಾರದು.